ನಾಲ್ಕನೇ ನಂಬರಿನ ಅಮ್ಮ

ಫೆಬ್ರವರಿಯ ಒಂದು ಶನಿವಾರ ಬೆಳಗ್ಗೆ, ಶಿಕಾಗೊ ಸೀಮೆಯ ದೊಡ್ಡದೊಂದು ಪ್ರದರ್ಶನ ಭವನದಲ್ಲಿ, ನಾನು ಹದಿಮೂರು ವರ್ಷದ ಹುಡುಗಿಯೊಬ್ಬಳ ಮೇಲೆ ಕೂಗಾಡಿದೆ. ಅವಳು ನನ್ನ ಮಗಳಲ್ಲ, ಮಗಳ ಎದುರಾಳಿಯೂ ಅಲ್ಲ. ಕೆಂಪು ಬಾವುಟ ಹಿಡಿದು ಕೋರ್ಟಿನ ಮೂಲೆಯಲ್ಲಿ ನಿಂತಿದ್ದ ಲೈನ್ ಜಡ್ಜ್. ಎರಡನೇ ಸೆಟ್ಟು, 23–23. ಎದುರಿನವರು ಹೊಡೆದ ಬಾಲು ನಮ್ಮ ಹಿಂದಿನ ಗೆರೆಯ ಹತ್ತಿರಕ್ಕೆ ಬಂತು. ಔಟಾಗುತ್ತದೆಂದು ನನ್ನ ಮಗಳು ಎರಡೂ ಕೈ ಮೇಲೆತ್ತಿ ಬಿಟ್ಟುಬಿಟ್ಟಳು. ಬಾವುಟದ ಹುಡುಗಿ ಒಂದು ಕ್ಷಣ ತಡೆದು, ಬಾವುಟವನ್ನು ನೆಲದ ಕಡೆ ತೋರಿಸಿದಳು. ಇನ್.

"ಕಣ್ಣು ಕಾಣಿಸಲ್ವಾ ನಿಂಗೆ?"

ಕೂಗಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆದರೆ ಹೀಗಾಗುತ್ತದೆ. ಅವಳು ತಿರುಗಿ ನೋಡಲಿಲ್ಲ. ನೋಡಬಾರದು ಅಂತ ಹೇಳಿಕೊಟ್ಟಿರುತ್ತಾರೆ. ಆದರೆ ಬಾವುಟದ ಕೋಲನ್ನು ಅವಳು ಬಿಗಿಯಾಗಿ ಹಿಡಿದು ಬೆರಳ ಗೆಣ್ಣು ಬೆಳ್ಳಗಾದದ್ದು ನನಗೆ ಕಂಡಿತು. ಮುಂಗೈಯಲ್ಲಿ ಕೂದಲಿಗೆ ಹಾಕುವ ಮೂರು ಬಣ್ಣದ ರಬ್ಬರ್ ಬ್ಯಾಂಡು. ಒಂದು ಮಂಡಿಯ ಪ್ಯಾಡು ಕಣಕಾಲಿಗೆ ಜಾರಿತ್ತು. ಪಕ್ಕದಲ್ಲಿದ್ದ ನನ್ನ ಗಂಡ, "ಸಾಕು ಕೂತ್ಕೋ, ಎಲ್ಲಾ ನೋಡ್ತಾ ಇದಾರೆ" ಅಂದರು. ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ಕೂಗುತ್ತಿದ್ದರು.

ಆ ಬಾವುಟ ಹಿಡಿಯುವವರು ಯಾರು ಅನ್ನುವುದನ್ನು ಮೊದಲು ಹೇಳಬೇಕು. ಅಮೆರಿಕದ ಕ್ಲಬ್ ವಾಲಿಬಾಲ್ ಟೂರ್ನಿಗಳಲ್ಲಿ ಮೂರೋ ನಾಲ್ಕೋ ತಂಡಗಳ ಗುಂಪು ಒಂದೇ ಕೋರ್ಟಿನಲ್ಲಿ ಅರ್ಧ ದಿನ ಆಡುತ್ತದೆ. ಎರಡು ತಂಡ ಆಡುವಾಗ ಇನ್ನೊಂದು ತಂಡ 'ವರ್ಕ್ ಟೀಮ್'. ಸ್ಕೋರ್ ಶೀಟ್ ಬರೆಯುವುದು, ಲಿಬೆರೊ ಎಂಬ ಹಿಂದಿನ ಸಾಲಿನ ಆಟಗಾರ್ತಿ ಒಳಗೆ ಹೋದದ್ದು ಹೊರಗೆ ಬಂದದ್ದು ಬೇರೊಂದು ಹಾಳೆಯಲ್ಲಿ ಗುರುತು ಹಾಕುವುದು, ಗೆರೆ ಕಾಯುವುದು, ಎಲ್ಲ ಆ ತಂಡದ ಮಕ್ಕಳ ಕೆಲಸ. ಸೀಸನ್ ಶುರುವಾಗುವ ಮುಂಚೆ ಇದಕ್ಕೆಂದೇ ಆನ್‌ಲೈನ್ ಪಾಠ ಮುಗಿಸಬೇಕು. ಡ್ಯೂಟಿಗೆ ತಡವಾಗಿ ಬಂದರೆ ಅವರ ಮುಂದಿನ ಪಂದ್ಯದಲ್ಲಿ ಪಾಯಿಂಟು ಹೋಗುತ್ತದೆ. ಆಟ ಕಲಿಯುವವರು ಆಟ ನಡೆಸುವುದನ್ನೂ ಕಲಿಯಲಿ ಅನ್ನುವ ಈ ಏರ್ಪಾಡು ಇಡೀ ವ್ಯವಸ್ಥೆಯಲ್ಲಿ ನನಗೆ ಅತಿ ಇಷ್ಟವಾದದ್ದು. ನಾನು ಕೂಗಿದ ಒಂದು ಗಂಟೆಯ ಮೇಲೆ, ಅದೇ ಮೂಲೆಯಲ್ಲಿ, ಅದೇ ಬಾವುಟ ಹಿಡಿದು ನಿಂತವಳು ನನ್ನ ಮಗಳು.

ಆಡುವ ಜಾಗಕ್ಕೂ ಬರೆಯುವ ಜಾಗಕ್ಕೂ ನಮ್ಮಲ್ಲಿ 'ಅಂಕಣ' ಅಂತ ಒಂದೇ ಹೆಸರು. ಆ ಅಂಕಣದ ಪಕ್ಕ ಮಾಡಿದ್ದನ್ನು ಈ ಅಂಕಣದಲ್ಲಿ ಒಪ್ಪಿಕೊಳ್ಳುತ್ತಿದ್ದೇನೆ ಅಂದುಕೊಳ್ಳಿ.

ನಾನು ಮಂಡ್ಯದ ಕಡೆಯವಳು. ನಮ್ಮ ಹೈಸ್ಕೂಲಿನಲ್ಲಿ ವಾಲಿಬಾಲ್ ಗಂಡುಹುಡುಗರದು. ಹುಡುಗಿಯರಿಗೆ ಥ್ರೋಬಾಲ್. ಹಿಡಿ, ಎಸೆ, ಲಂಗ ಸರಿಮಾಡಿಕೋ. ವಾಲಿಬಾಲ್ ಅಂದರೆ ನನಗೆ ನೆನಪಿರುವುದು ಊರಿನ ಹೊನಲು ಬೆಳಕಿನ ಪಂದ್ಯಾವಳಿಗಳು. ಗದ್ದೆ ಕೊಯ್ಲಾದ ಮೇಲೆ ಬಯಲಲ್ಲಿ ಎರಡು ಕಂಬ ನೆಟ್ಟು, ಟ್ಯೂಬ್‌ಲೈಟ್ ಕಟ್ಟಿ, ರಾತ್ರಿಯಿಡೀ ಆಟ. ಗೆದ್ದವರಿಗೆ ನಗದು, ಒಮ್ಮೊಮ್ಮೆ ಟಗರು. ಅಪ್ಪ ಊರಿನ ತಂಡದ ಲಿಫ್ಟರ್. ಅವರ ಆಟ ನೋಡಲು ಅಜ್ಜಿ ಒಂದು ಸಲವೂ ಹೋದವರಲ್ಲ. ಹೋದರೂ ಹಸು ಕಟ್ಟಲಿಲ್ಲ ಅಂತ ಬೈಯಲು ಹೋಗುತ್ತಿದ್ದರೇನೋ. ಹಾಗಂತ ಅಲ್ಲಿ ಜಗಳ ಇರಲಿಲ್ಲ ಅಂತಲ್ಲ. ತಲೆ ಒಡೆದದ್ದೂ ಉಂಟು. ಆದರೆ ಗೆರೆಯ ಜಗಳಕ್ಕೆ ಒಂದು ಇತ್ಯರ್ಥ ಇತ್ತು. ಗೆರೆ ಎಳೆದಿದ್ದು ಸುಣ್ಣದ ಪುಡಿಯಲ್ಲಿ. "ಸುಣ್ಣ ಎದ್ದಿದೆಯಾ ನೋಡ್ರೋ" ಅಂತ ಒಬ್ಬ ಕೂಗಿದರೆ ಹತ್ತು ಜನ ಬಗ್ಗಿ ನೋಡುತ್ತಿದ್ದರು. ಇಲ್ಲಿ ಕಾಂಕ್ರೀಟಿನ ಮೇಲೆ ಪ್ಲಾಸ್ಟಿಕ್ ಬಿಲ್ಲೆ ಜೋಡಿಸಿ ಮಾಡಿದ ಕೋರ್ಟು. ಬಾಲು ಬಿದ್ದದ್ದಕ್ಕೆ ಗುರುತು ಉಳಿಯುವುದಿಲ್ಲ. ಉಳಿಯುವುದು ಒಂದು ಮಗುವಿನ ಕಣ್ಣು.

ಆ ಭವನವನ್ನು ಒಮ್ಮೆ ನೋಡಬೇಕು ನೀವು. ಅರವತ್ತು, ಎಂಬತ್ತು ಕೋರ್ಟುಗಳು ಸಾಲಾಗಿ, ನಡುವೆ ಬಲೆಯ ಪರದೆ. ಎಲ್ಲ ಕೋರ್ಟಿನ ಸೀಟಿಯೂ ಒಟ್ಟಿಗೆ ಕೇಳಿಸುತ್ತದೆ. ಯಾವ ಸೀಟಿ ಯಾರದು ಅಂತ ಮಕ್ಕಳಿಗೆ ಹೇಗೋ ಗೊತ್ತಾಗುತ್ತದೆ, ನಮಗಿಲ್ಲ. ನಮ್ಮ ಮಕ್ಕಳ ಆಟ ನೋಡಲು ನಾವೇ ಟಿಕೆಟ್ ಕೊಳ್ಳಬೇಕು. ದೂರದ ಊರಿನ ಟೂರ್ನಿಯಾದರೆ ಬಹಳ ಕಡೆ ಅವರು ಹೇಳಿದ ಹೋಟೆಲಿನಲ್ಲೇ ರೂಮು ಮಾಡಬೇಕು. ಹೊರಗಿನ ತಿಂಡಿ ಒಳಗೆ ತರುವ ಹಾಗಿಲ್ಲ. ನಾಲ್ಕು ವರ್ಷದಿಂದ ಚಿತ್ರಾನ್ನದ ಡಬ್ಬಿಯನ್ನು ಮೊಣಕಾಲ ಪ್ಯಾಡಿನ ಚೀಲದ ತಳದಲ್ಲಿಟ್ಟು ಸಾಗಿಸಿದ್ದೇನೆ. ಆ ಚೀಲವನ್ನು ಬಿಚ್ಚಿ ಮೂಸುವ ಧೈರ್ಯ ಯಾವ ಸೆಕ್ಯುರಿಟಿಯವನಿಗೂ ಬಂದಿಲ್ಲ.

ಇಲ್ಲಿ ಹೈಸ್ಕೂಲ್ ತಂಡದ ಆಟ ಆಗಸ್ಟಿನಿಂದ ನವೆಂಬರ್‌ವರೆಗೆ. ಅದು ಮುಗಿದ ಮೇಲೆ ಕ್ಲಬ್ಬಿನ ಸರದಿ, ಚಳಿಗಾಲ ಕಳೆದು ಬೇಸಿಗೆಯ ರಾಷ್ಟ್ರೀಯ ಕೂಟಗಳವರೆಗೆ. ಕ್ಲಬ್ ಅಂದರೆ ಖಾಸಗಿ ಸಂಸ್ಥೆ, ಶಾಲೆಗೂ ಅದಕ್ಕೂ ಸಂಬಂಧ ಇಲ್ಲ. ಟ್ರೈಔಟ್ ಅನ್ನುವ ಆಯ್ಕೆಯ ವಾರಾಂತ್ಯದಲ್ಲಿ ಮಕ್ಕಳ ಬೆನ್ನಿಗೆ ನಂಬರ್ ಅಂಟಿಸಿ ಆಡಿಸುತ್ತಾರೆ. ಒಂದೇ ವಯಸ್ಸಿನವರಲ್ಲಿ ಒಂದನೇ ತಂಡ, ಎರಡನೇ ತಂಡ, ಮೂರನೇ ತಂಡ. ಕರೆ ಬಂದರೆ ಕೆಲವೇ ಗಂಟೆಯಲ್ಲಿ ಹೌದು, ಇಲ್ಲ ಹೇಳಿ ಅಡ್ವಾನ್ಸ್ ಕಟ್ಟಬೇಕು. ಬೇರೆ ಕ್ಲಬ್ಬಿನಿಂದ ಏನು ಬರುತ್ತದೋ ಅಂತ ಕಾಯುವಷ್ಟು ಹೊತ್ತು ಕೊಡುವುದಿಲ್ಲ. ಕೊಡದಿರುವುದೇ ಉದ್ದೇಶ. ಒಂದು ಸೀಸನ್ನಿನ ಫೀಸು ಊರು, ತಂಡ ನೋಡಿಕೊಂಡು ಎರಡು ಸಾವಿರ ಡಾಲರಿನಿಂದ ಹತ್ತು ಸಾವಿರದ ತನಕ ಹೋಗುತ್ತದೆ. ಪ್ರಯಾಣ, ಹೋಟೆಲು, ಪ್ರೈವೇಟ್ ಕೋಚಿಂಗ್ ಬೇರೆ.

ಇಷ್ಟು ಗಂಭೀರವಾಗಿಬಿಟ್ಟ ಈ ಆಟ ಹುಟ್ಟಿದ್ದು ಹೊಟ್ಟೆ ಬಂದ ವ್ಯಾಪಾರಿಗಳಿಗಾಗಿ. 1895ರಲ್ಲಿ ಮ್ಯಾಸಚೂಸೆಟ್ಸ್‌ನ ಹೋಲಿಯೋಕ್ ಎಂಬ ಊರಿನ ವೈಎಂಸಿಎಯಲ್ಲಿ ವಿಲಿಯಂ ಮಾರ್ಗನ್ ಎಂಬಾತ ಇದನ್ನು ರೂಪಿಸಿದ. ಬ್ಯಾಸ್ಕೆಟ್‌ಬಾಲ್ ಆಗಲೇ ಬಂದಿತ್ತು, ಆದರೆ ನಡುವಯಸ್ಸಿನವರಿಗೆ ಅದರ ಓಟ, ಗುದ್ದಾಟ ಹೆಚ್ಚಾಗಿತ್ತು. ಮಾರ್ಗನ್ ನಡುವೆ ಬಲೆ ಕಟ್ಟಿ ಎರಡು ಕಡೆಯವರೂ ಒಬ್ಬರಿಗೊಬ್ಬರು ತಾಗದ ಹಾಗೆ ಮಾಡಿದ. ಮಿಂಟೊನೆಟ್ ಅಂತ ಹೆಸರಿಟ್ಟಿದ್ದ. ಅದು ವಾಲಿಬಾಲ್ ಆದದ್ದು ಮರುವರ್ಷ. ಕೋರ್ಟಿನ ಒಳಗೆ ಮಾರ್ಗನ್‌ನ ಉಪಾಯ ಇವತ್ತಿಗೂ ಫಲಿಸಿದೆ. ಕೋರ್ಟಿನ ಹೊರಗೆ ಕುರ್ಚಿ ಹಾಕಿಕೊಂಡು ಕೂತವರ ನಡುವೆ ಅವನು ಬಲೆ ಕಟ್ಟಲಿಲ್ಲ.

ಹುಡುಗಿಯರ ಕ್ಲಬ್ಬುಗಳು ಇಷ್ಟು ಬೆಳೆದದ್ದರ ಹಿಂದೆ 1972ರ ಒಂದು ಕಾಯ್ದೆ ಇದೆ. ಟೈಟಲ್ ನೈನ್ ಅನ್ನುತ್ತಾರೆ. ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡು ಅಂತ ಭೇದ ಮಾಡಬಾರದು ಅನ್ನುವುದು ಅದರ ಸಾರ. ಕಾಲೇಜುಗಳು ಹೆಣ್ಣುಮಕ್ಕಳ ತಂಡ ಕಟ್ಟಬೇಕಾಯಿತು, ಸ್ಕಾಲರ್‌ಶಿಪ್ ಕೊಡಬೇಕಾಯಿತು. 1981ರಿಂದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ ಹೆಣ್ಣುಮಕ್ಕಳ ವಾಲಿಬಾಲ್ ಚಾಂಪಿಯನ್‌ಶಿಪ್ ನಡೆಸತೊಡಗಿತು. ಬೀಜ ಒಳ್ಳೆಯದೇ. 2023ರ ಆಗಸ್ಟ್ 30ರಂದು ನೆಬ್ರಾಸ್ಕ ವಿಶ್ವವಿದ್ಯಾಲಯದ ಫುಟ್‌ಬಾಲ್ ಸ್ಟೇಡಿಯಂ ನಡುವೆ ಕೋರ್ಟು ಹಾಕಿ ಹುಡುಗಿಯರು ಆಡಿದಾಗ ನೋಡಲು ಬಂದವರು 92,003 ಜನ. ಆ ಸಂಜೆ ನಮ್ಮ ಮನೆಯ ಟಿವಿ ಮುಂದೆ ಮಗಳು ನಿಂತೇ ನೋಡಿದಳು. ಹುಡುಗಿಯರ ಆಟಕ್ಕೆ ಅಷ್ಟು ಜನ ಸೇರಿದ್ದನ್ನು ಕಂಡು, ಥ್ರೋಬಾಲ್ ಲಂಗದವಳಾದ ನನಗೂ ಗಂಟಲು ಕಟ್ಟಿತು. ಇದನ್ನೆಲ್ಲ ಮರೆತು ಬರೀ ದೂರು ಬರೆದರೆ ಅನ್ಯಾಯ.

ಆದರೆ ಲೆಕ್ಕ ನೋಡಿ. ಅಮೆರಿಕದ ಹೈಸ್ಕೂಲುಗಳಲ್ಲಿ ವಾಲಿಬಾಲ್ ಆಡುವ ಹುಡುಗಿಯರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಎನ್‌ಸಿಎಎ ಕಾಲೇಜು ತಂಡಗಳಿಗೆ ಹೋಗುವವರು ನೂರಕ್ಕೆ ಸುಮಾರು ನಾಲ್ಕು ಜನ. ದೊಡ್ಡ ಸ್ಕಾಲರ್‌ಶಿಪ್ ಇರುವ ಡಿವಿಷನ್ ಒಂದಕ್ಕೆ ಹೋಗುವವರು ನೂರಕ್ಕೆ ಹೆಚ್ಚುಕಮ್ಮಿ ಒಬ್ಬಳು. ಒಂದು ತಂಡಕ್ಕೆ ಹನ್ನೆರಡು ಪೂರ್ಣ ಸ್ಕಾಲರ್‌ಶಿಪ್ ಅನ್ನುವುದು ಬಹಳ ಕಾಲ ಇದ್ದ ಮಿತಿ. ಎನ್‌ಸಿಎಎ ವಿರುದ್ಧದ ಮೊಕದ್ದಮೆಯಲ್ಲಿ 2025ರಲ್ಲಿ ಆದ ನ್ಯಾಯಾಲಯದ ರಾಜಿಯ ಮೇಲೆ ಆ ಮಿತಿ ಹೋಗಿ, ಅದಕ್ಕೆ ಸೇರಿದ ಕಾಲೇಜುಗಳಲ್ಲಿ ತಂಡಕ್ಕೆ ಹದಿನೆಂಟು ಆಟಗಾರ್ತಿಯರು ಅನ್ನುವ ಮಿತಿ ಬಂದಿದೆ. ಹನ್ನೆರಡೋ ಹದಿನೆಂಟೋ, ಲಕ್ಷಗಳ ಮುಂದೆ ಅದು ಎಷ್ಟು? ಆರು ವರ್ಷದ ಕ್ಲಬ್ ಫೀಸನ್ನು ಬ್ಯಾಂಕಿನಲ್ಲಿಟ್ಟರೆ ಕಾಲೇಜಿನ ಎರಡು ವರ್ಷದ ಫೀಸು ಅದರಲ್ಲೇ ಆಗುತ್ತದೆ ಅಂತ ನನ್ನ ಗಂಡ ಒಮ್ಮೆ ಎಕ್ಸೆಲ್ ಶೀಟಿನಲ್ಲಿ ತೋರಿಸಿದರು. ಆಮೇಲೆ ಅವರೇ ಮುಂದಿನ ವರ್ಷದ ಅಡ್ವಾನ್ಸ್ ಕಟ್ಟಿದರು. ಹಾಕಿದ ಹಣ ಹೆಚ್ಚಿದಷ್ಟೂ ಬಿಡುವುದು ಕಷ್ಟ. ಬೋರ್‌ವೆಲ್ ಕೊರೆಸಿದವರಿಗೆ ಇದು ಗೊತ್ತು, ಇನ್ನೊಂದು ನೂರಡಿ ಹೋದರೆ ನೀರು ಸಿಗಬಹುದು ಅನ್ನಿಸುತ್ತದೆ.

ಪೈಪೋಟಿ ಅಂದ ತಕ್ಷಣ ಹೊರಗಿನವರು ಕ್ಲಬ್ಬಿಗೂ ಕ್ಲಬ್ಬಿಗೂ ನಡುವಿನದನ್ನೇ ಯೋಚಿಸುತ್ತಾರೆ. ಅದು ಇದೆ. ನಮ್ಮ ಸುತ್ತಿನಲ್ಲೇ ಎರಡು ದೊಡ್ಡ ಕ್ಲಬ್ಬುಗಳಿವೆ. ಕಾರಿನ ಹಿಂದಿನ ಗಾಜಿಗೆ ಒಂದರ ಸ್ಟಿಕ್ಕರ್ ಅಂಟಿಸಿಕೊಂಡವರು ಇನ್ನೊಂದರವರನ್ನು ಕಂಡರೆ ಸಿಗ್ನಲ್‌ನಲ್ಲೂ ದಾರಿ ಬಿಡುವುದಿಲ್ಲ. ಆದರೆ ಅದು ಬಾಯಿಮಾತಿನ ದ್ವೇಷ, ಬೇಸಿಗೆಯಲ್ಲಿ ಕರಗುತ್ತದೆ. ನಿಜವಾದ ಪೈಪೋಟಿ ನೆಟ್ಟಿನ ಆಚೆ ಇಲ್ಲ. ಅದು ನಮ್ಮದೇ ತಂಡದ ಬೆಂಚಿನಲ್ಲಿದೆ, ಮತ್ತು ಅದರ ತಂದೆತಾಯಿ ನನ್ನ ಪಕ್ಕದ ಕುರ್ಚಿಯಲ್ಲಿದ್ದಾರೆ.

ಇಲ್ಲಿ ನಮಗೆ ಯಾರಿಗೂ ಹೆಸರಿಲ್ಲ. ನಾನು ನಾಲ್ಕನೇ ನಂಬರಿನ ಅಮ್ಮ. ನನ್ನ ಪಕ್ಕ ಕೂರುವವರು ಹನ್ನೊಂದನೇ ನಂಬರಿನ ಅಮ್ಮ. ಪೋಲೆಂಡ್ ಮೂಲದವರು, ಆಸ್ಪತ್ರೆಯಲ್ಲಿ ನರ್ಸು, ರಾತ್ರಿಪಾಳಿ ಮುಗಿಸಿ ನೇರ ಬಂದಿರುತ್ತಾರೆ, ನನಗೂ ಸೇರಿಸಿ ಕಾಫಿ ತಂದಿರುತ್ತಾರೆ. ಅವರ ಮಗಳೂ ನನ್ನ ಮಗಳೂ ಇಬ್ಬರೂ ಲಿಬೆರೊ. ಲಿಬೆರೊ ಅಂದರೆ ಹಿಂದಿನ ಸಾಲಿನಲ್ಲಿ ನಿಂತು ಬಾಲು ಎತ್ತುವವಳು. 1998ರಲ್ಲಿ ಅಂತರರಾಷ್ಟ್ರೀಯ ನಿಯಮಕ್ಕೆ ಬಂದ ಸ್ಥಾನ. ನೆಟ್ಟಿನ ಹತ್ತಿರ ಬ್ಲಾಕ್ ಮಾಡುವ ಹಾಗಿಲ್ಲ, ಎಗರಿ ಹೊಡೆಯುವ ಹಾಗಿಲ್ಲ. ಹಾಗಾಗಿ ಎತ್ತರ ಇಲ್ಲದ ಹುಡುಗಿಯರಿಗೆ ಇದೊಂದು ಬಾಗಿಲು. ಐದಡಿ ಮೂರಂಗುಲದ ಮಂಡ್ಯದ ಮೊಮ್ಮಗಳು ಇನ್ನೆಲ್ಲಿ ನಿಂತಾಳು? ಲಿಬೆರೊ ಹಾಕುವ ಅಂಗಿಯ ಬಣ್ಣ ಉಳಿದ ಐದು ಜನರದಕ್ಕಿಂತ ಬೇರೆ. ಒಂದು ಹೊತ್ತಿಗೆ ಕೋರ್ಟಿನಲ್ಲಿ ಒಬ್ಬಳೇ ಲಿಬೆರೊ.

ಅಂದರೆ, ಯಾರನ್ನು ಆರಿಸಿದ್ದಾರೆ ಅನ್ನುವುದು ಇಡೀ ಭವನಕ್ಕೆ ಬಣ್ಣದಲ್ಲಿ ಕಾಣುತ್ತದೆ. ಬೆಳಗ್ಗೆ ಏಳೂಕಾಲಕ್ಕೆ ಮಕ್ಕಳು ಜಾಕೆಟ್ ತೆಗೆಯುವಾಗ ನಾವಿಬ್ಬರೂ ಕಾಫಿ ಹಿಡಿದು ಬೇರೆ ಏನೋ ಮಾತಾಡುತ್ತಿರುತ್ತೇವೆ. ಹಿಮ, ರಸ್ತೆ, ಗಣಿತದ ಟೆಸ್ಟು. ಕಣ್ಣು ಮಾತ್ರ ಆ ಕಡೆ. ನೀಲಿ ತಂಡದಲ್ಲಿ ಒಂದು ಬಿಳಿ ಅಂಗಿ. ಜಿಪ್ಪು ಕೆಳಗಿಳಿದು ನಾಲ್ಕನೇ ನಂಬರ್ ಬಿಳಿಯಲ್ಲಿ ಕಂಡರೆ ನನ್ನ ಕಾಫಿಗೆ ಸಕ್ಕರೆ ಬರುತ್ತದೆ, ಅವರದು ಆರುತ್ತದೆ. ಹನ್ನೊಂದು ಕಂಡರೆ ಉಲ್ಟಾ. ಒಂದು ಮಾತನ್ನೂ ನಾವು ಆಡಿಲ್ಲ. ಎರಡು ಸೀಸನ್ ಅಕ್ಕಪಕ್ಕ ಕೂತು, ಹನ್ನೊಂದನೇ ನಂಬರಿನ ಕೈಯಿಂದ ಬಾಲು ತಪ್ಪಿದಾಗ "ಪರವಾಗಿಲ್ಲ, ಪರವಾಗಿಲ್ಲ" ಅಂತ ನಾನು ಎಲ್ಲರಿಗಿಂತ ಜೋರಾಗಿ ಕೂಗಿದ್ದೇನೆ. ಒಳಗೆ ಏನಾಗುತ್ತಿತ್ತು ಅನ್ನುವುದನ್ನು ಬರೆಯಲು ನಾಚಿಕೆ.

ವಾಲಿಬಾಲಿನ ಸ್ವಭಾವವೇ ಇದಕ್ಕೆ ತುಪ್ಪ ಸುರಿಯುವಂಥದ್ದು. ಈ ಆಟದಲ್ಲಿ ಬಾಲನ್ನು ಹಿಡಿದಿಟ್ಟುಕೊಳ್ಳುವ ಹಾಗಿಲ್ಲ, ತಪ್ಪನ್ನು ಬಚ್ಚಿಡುವ ಹಾಗೂ ಇಲ್ಲ. ಫುಟ್‌ಬಾಲಿನಲ್ಲಿ ಒಂದು ಪಾಸು ಕೆಟ್ಟರೆ ಆಟ ಮುಂದೆ ಹೋಗುತ್ತದೆ. ಇಲ್ಲಿ ಬಾಲು ನೆಲ ಮುಟ್ಟಿದರೆ ಸೀಟಿ, ಎಲ್ಲರೂ ನಿಲ್ಲುತ್ತಾರೆ, ಯಾರ ಕಾಲಬುಡದಲ್ಲಿ ಬಿತ್ತು ಅಂತ ನೂರು ಕಣ್ಣು ತಿರುಗುತ್ತದೆ, ಬೋರ್ಡಿನಲ್ಲಿ ಎದುರಿನವರಿಗೆ ಒಂದು ಅಂಕ. ಎದುರಿನವರು ಗಳಿಸಿದ ಅಂಕಕ್ಕಿಂತ ನಮ್ಮ ಮಕ್ಕಳು ಕಳೆದ ಅಂಕವೇ ಹೆತ್ತವರಿಗೆ ನೆನಪಿರುತ್ತದೆ. ಕೆಲವರು ಫೋನಿನಲ್ಲಿ ಬರೆದಿಟ್ಟುಕೊಳ್ಳುತ್ತಾರೆ ಕೂಡ, ತಮ್ಮ ಮಗಳದಲ್ಲ, ಅದೇ ಸ್ಥಾನದಲ್ಲಿ ಆಡುವ ಇನ್ನೊಬ್ಬಳದು.

ಎಲ್ಲಕ್ಕಿಂತ ಪಾಪ ಅನ್ನಿಸುವುದು ಸೆಟ್ಟರ್‌ನ ತಂದೆತಾಯಿ. ಅಪ್ಪ ಲಿಫ್ಟರ್ ಅನ್ನುತ್ತಿದ್ದ ಸ್ಥಾನವೇ ಅದು. ಎರಡನೇ ತಾಕು ಅವಳದು. ಯಾರು ಹೊಡೆಯಬೇಕು ಅಂತ ತೀರ್ಮಾನಿಸುವವಳು ಅವಳು. ಎಡಗಡೆ ಹೊಡೆಯುವವಳ ಅಪ್ಪನಿಗೆ ಅವಳು ಬರೀ ಬಲಗಡೆಗೇ ಕೊಡುತ್ತಾಳೆ ಅನ್ನಿಸುತ್ತದೆ, ಬಲಗಡೆಯವಳ ಅಪ್ಪನಿಗೆ ಉಲ್ಟಾ, ನಡುವಿನವಳ ಅಮ್ಮನಿಗೆ ತನ್ನ ಮಗಳು ಆ ತಂಡದಲ್ಲಿದ್ದಾಳೆ ಅನ್ನುವುದೇ ಸೆಟ್ಟರ್‌ಗೆ ಗೊತ್ತಿಲ್ಲ ಅನ್ನಿಸುತ್ತದೆ. ನಮ್ಮ ತಂಡದ ಸೆಟ್ಟರ್ ಮತ್ತು ಎಡಗಡೆಯವಳು ಒಂದೇ ಕಾರಿನಲ್ಲಿ ಬರುತ್ತಿದ್ದರು. ಮಾರ್ಚಿನ ಹೊತ್ತಿಗೆ ಎರಡು ಕಾರು ಬರತೊಡಗಿತು. ಹುಡುಗಿಯರು ಜಗಳ ಆಡಿರಲಿಲ್ಲ.

ಪಂದ್ಯ ಮುಗಿದ ಮೇಲೆ ಅಸಲಿ ಸಭೆ ನಡೆಯುವುದು ಪಾರ್ಕಿಂಗ್ ಲಾಟಿನಲ್ಲಿ. ನಮ್ಮೂರ ಅರಳಿಕಟ್ಟೆ ಇದ್ದ ಹಾಗೆ, ಆದರೆ ಮೈನಸ್ ಹತ್ತು ಡಿಗ್ರಿಯಲ್ಲಿ. ಯಾರನ್ನು ಯಾಕೆ ಆಡಿಸಿದರು, ಕೋಚಿಗೆ ಪ್ರೈವೇಟ್ ಪಾಠದ ಹಣ ಯಾರ ಮನೆಯಿಂದ ಹೋಗುತ್ತಿದೆ, ಮುಂದಿನ ವರ್ಷ ಯಾರು ಎಲ್ಲಿಗೆ ಹೋಗುತ್ತಾರೆ, ಎಲ್ಲ ಅಲ್ಲೇ. ಕ್ಲಬ್ಬುಗಳು ಇದಕ್ಕೆ ಮದ್ದು ಅಂತ 'ಇಪ್ಪತ್ನಾಲ್ಕು ಗಂಟೆ ನಿಯಮ' ಇಟ್ಟಿವೆ: ಪಂದ್ಯ ಮುಗಿದು ಒಂದು ದಿನ ಕಳೆಯುವ ತನಕ ತಂದೆತಾಯಿ ಕೋಚ್ ಹತ್ತಿರ ದೂರು ಒಯ್ಯುವ ಹಾಗಿಲ್ಲ. ಬಹಳ ಕಡೆ, ಮಗಳನ್ನು ಎಷ್ಟು ಹೊತ್ತು ಆಡಿಸಿದಿರಿ ಅನ್ನುವುದನ್ನು ಎತ್ತಲೇ ಬಾರದು. ಕೇಳುವುದಿದ್ದರೆ ಹುಡುಗಿಯೇ ಕೇಳಬೇಕು. ಮೊದಲು ಓದಿದಾಗ ಸಿಟ್ಟು ಬಂದಿತ್ತು. ಹಣ ಕೊಡುವವರು ನಾವು, ಮಾತಾಡಬಾರದಾ? ಈಗ ಅದು ವಿವೇಕದ ನಿಯಮ ಅನ್ನಿಸುತ್ತದೆ, ಒಂದು ಅನುಮಾನದ ಜೊತೆಗೆ.

ಅನುಮಾನ ಏನೆಂದರೆ, ಕೋಚ್ ಕಂಡರೆ ನಮಗಿರುವ ಭಯ. ಬಿಳಿ ಅಂಗಿ ಕೊಡುವವರು ಅವರು, ಕಾಲೇಜು ಕೋಚುಗಳಿಗೆ ಫೋನು ಮಾಡುವವರೂ ಅವರು. ಹಾಗಾಗಿ ಎಲ್ಲಿ ಕೂಗಬಾರದೋ ಅಲ್ಲಿ, ಅಂದರೆ ಬಾವುಟ ಹಿಡಿದ ಮಗುವಿನ ಮೇಲೆ, ರೆಫರಿಯ ಮೇಲೆ ಕೂಗುತ್ತೇವೆ. ಎಲ್ಲಿ ಬಾಯಿ ಬಿಡಬೇಕೋ ಅಲ್ಲಿ ಮುಚ್ಚಿಕೊಳ್ಳುತ್ತೇವೆ. ಮಗಳ ಭುಜ ನೋಯುತ್ತಿದ್ದರೂ ವಿಶ್ರಾಂತಿ ಕೊಡಿ ಅನ್ನಲು ಹೆದರಿ ಐಬುಪ್ರೊಫೆನ್ ಕೊಟ್ಟು ಕಳಿಸಿದವರನ್ನು ಕಂಡಿದ್ದೇನೆ. ಕೋಚ್ ಒಬ್ಬರು ಹನ್ನೆರಡರ ಹುಡುಗಿಗೆ ಅವಳ ತೂಕದ ಬಗ್ಗೆ ಎಲ್ಲರ ಮುಂದೆ ಅಂದ ಮಾತು ಕೇಳಿ ನಾವು ಎಂಟು ಜನ ತಂದೆತಾಯಿ ನಮ್ಮ ನಮ್ಮ ಫೋನು ನೋಡಿಕೊಂಡಿದ್ದೂ ಉಂಟು. ಜಿಮ್ನಾಸ್ಟಿಕ್ಸ್ ತಂಡದ ವೈದ್ಯ ಲ್ಯಾರಿ ನಾಸರ್‌ನ ಲೈಂಗಿಕ ಕಿರುಕುಳದ ಪ್ರಕರಣದ ನಂತರ 2018ರಲ್ಲಿ ಆಟದ ಮಕ್ಕಳ ರಕ್ಷಣೆಗೆ ಇಲ್ಲಿ ಕೇಂದ್ರ ಕಾಯ್ದೆ ಬಂತು. ಕಿರುಕುಳದ ಗುಮಾನಿ ಬಂದರೆ ಈ ಸಂಸ್ಥೆಗಳ ವಯಸ್ಕರು ವರದಿ ಮಾಡಲೇಬೇಕು. ಕಾಯ್ದೆ ಬಾಯಿ ಕೊಡುತ್ತದೆ, ಬಿಳಿ ಅಂಗಿ ಕಿತ್ತುಕೊಳ್ಳುತ್ತದೆ.

ರೆಫರಿಗಳ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಹೇಳುವುದಕ್ಕಿಂತ ಎಣಿಸುವುದು ಸುಲಭ. 2018–19 ಮತ್ತು 2021–22ರ ನಡುವೆ ಅಮೆರಿಕದ ಹೈಸ್ಕೂಲ್ ಕ್ರೀಡೆಗಳಿಂದ ಸುಮಾರು 50,000 ರೆಫರಿಗಳು ಬಿಟ್ಟುಹೋದರು. ಕೋವಿಡ್ ಒಂದು ಕಾರಣ, ಇನ್ನೊಂದು ನಾವು. ನಮ್ಮ ಅಚ್ಚುಮೆಚ್ಚಿನ ಕೂಗು "ಡಬಲ್!" ಅಂತಿತ್ತು. ಸೆಟ್ಟರ್ ಕೈಯಲ್ಲಿ ಬಾಲು ಎರಡು ಸಲ ತಾಕಿತು ಅನ್ನುವ ಆರೋಪ. 2024ರಿಂದ ಎನ್‌ಸಿಎಎ ಹೆಣ್ಣುಮಕ್ಕಳ ಆಟದಲ್ಲಿ, ಬಾಲು ತಮ್ಮ ಕಡೆಯೇ ಉಳಿದರೆ ಎರಡನೇ ತಾಕಿನಲ್ಲಿ ಅದನ್ನು ತಪ್ಪು ಅಂತ ಎಣಿಸುತ್ತಿಲ್ಲ. ಕಾಲೇಜು ಆಟ ನೋಡಲು ಹೋದ ನಮ್ಮ ತಂಡದ ಅಪ್ಪಂದಿರು ಪಾಪ, ಕೆಲಸ ಕಳೆದುಕೊಂಡವರ ಹಾಗೆ ಕೂತಿದ್ದರು.

ನಮ್ಮವರ ಬಗ್ಗೆಯೂ ಒಂದು ಮಾತು. ಹತ್ತು ವರ್ಷದ ಹಿಂದೆ ಈ ಭವನಗಳಲ್ಲಿ ಕನ್ನಡ ಕೇಳುವುದು ಅಪರೂಪವಾಗಿತ್ತು. ಈಗ ನೆಟ್ಟಿನ ಆಚೆಯಿಂದ "ಕಾಲು ಎತ್ತಿಡೇ ಪುಟ್ಟೀ" ಕೇಳಿ ಬೆಚ್ಚಿದ್ದೇನೆ. ನಾವು ಇಲ್ಲಿಗೆ ಸಿಇಟಿ ರ‍್ಯಾಂಕು, ಟ್ಯೂಷನ್, "ಪಕ್ಕದ ಮನೆಯವಳಿಗೆ ಎಷ್ಟು ಬಂತು" ಅನ್ನುವ ಪ್ರಶ್ನೆ, ಎಲ್ಲವನ್ನೂ ಗಂಟು ಕಟ್ಟಿಕೊಂಡು ಬಂದವರು. ಕ್ಲಬ್ ವಾಲಿಬಾಲ್ ನಮಗೆ ಹೊಸದೇನಲ್ಲ. ಒಂದನೇ ತಂಡ ಅಂದರೆ ಎ ಸೆಕ್ಷನ್, ಪ್ರೈವೇಟ್ ಪಾಠ ಅಂದರೆ ಟ್ಯೂಷನ್, ಆ್ಯಪಿನಲ್ಲಿ ಕಾಣುವ ತಂಡಗಳ ರ‍್ಯಾಂಕಿಂಗ್ ಅಂತೂ ತವರಿನದೇ ಭಾಷೆ. ಅಮೆರಿಕನ್ ಅಪ್ಪಂದಿರು ಕೋರ್ಟಿನ ಪಕ್ಕ ಕೂಗಿ ಮುಗಿಸುತ್ತಾರೆ. ನಾವು ಬಹುಪಾಲು ಕೋರ್ಟಿನಲ್ಲಿ ಸುಮ್ಮನಿದ್ದು ಕಾರಿನಲ್ಲಿ ಶುರುಮಾಡುತ್ತೇವೆ. ಮುಕ್ಕಾಲು ಗಂಟೆಯ ದಾರಿ, ಹಿಂದಿನ ಸೀಟಿನಲ್ಲಿ ಬೆವರಿನ ಮಗು, ಮುಂದಿನ ಸೀಟಿನಲ್ಲಿ ಬಾಲು ಬಾಲಿಗೂ ವಿಮರ್ಶೆ. ಒಮ್ಮೆ ನನ್ನ ಮಗಳು ಹನ್ನೊಂದನೇ ನಂಬರಿನವರ ಕಾರಿನಲ್ಲಿ ಮನೆಗೆ ಬರುತ್ತೇನೆ ಅಂದಳು. ಯಾಕೆ ಅಂದೆ. "ಅವರಮ್ಮ ಡ್ಯೂಟಿ ಮುಗಿಸಿ ಬಂದಿರ್ತಾರಲ್ಲಮ್ಮ, ತುಂಬಾ ಸುಸ್ತಾಗಿರ್ತಾರೆ. ಮಾತಾಡಲ್ಲ."

ಬಿಳಿ ಅಂಗಿಗಾಗಿ ಪೈಪೋಟಿ ಮಾಡುವ ಆ ಇಬ್ಬರು ಬೆಂಚಿನ ಮೇಲೆ ಒಬ್ಬಳ ಕೂದಲನ್ನು ಇನ್ನೊಬ್ಬಳು ಹೆಣೆಯುತ್ತಾರೆ. ಆಟ ಸೋತರೆ ಹತ್ತು ನಿಮಿಷ ಅಳುತ್ತಾರೆ, ಹನ್ನೊಂದನೇ ನಿಮಿಷಕ್ಕೆ ನಾಚೋಸ್ ಅಂಗಡಿಯ ಸಾಲಿನಲ್ಲಿ ಎದುರಾಳಿಗಳ ಜೊತೆ ಡ್ಯಾನ್ಸ್ ವಿಡಿಯೊ ಮಾಡುತ್ತಾರೆ. ಮಕ್ಕಳಿಗೆ ಪೈಪೋಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಅವರಿಗೆ ಅದು ನಮಗಿಂತ ಚೆನ್ನಾಗಿ ಬರುತ್ತದೆ, ಸೊನ್ನೆಯಿಂದ ಶುರುವಾಗಿ 25ಕ್ಕೆ ಮುಗಿಯುತ್ತದೆ. ಮುಂದೆ ಹೇಗೋ ಗೊತ್ತಿಲ್ಲ. ಹತ್ತನೇ ತರಗತಿ ಮುಗಿದ ಜೂನ್ 15ರಿಂದ ಕಾಲೇಜು ಕೋಚುಗಳು ನೇರವಾಗಿ ಮಾತಾಡಬಹುದು ಅನ್ನುವುದು ನಿಯಮ. ಆ ನಿಯಮ ಬರುವ ಮುಂಚೆ ಎಂಟನೇ ತರಗತಿಯ ಹುಡುಗಿಯರೇ ಬಾಯಿಮಾತಿನಲ್ಲಿ ಕಾಲೇಜು ಗೊತ್ತುಮಾಡಿಕೊಳ್ಳುತ್ತಿದ್ದರಂತೆ. ಆ ಜೂನ್ 15ರ ಮಧ್ಯರಾತ್ರಿ ಫೋನು ಹೊಡೆದುಕೊಳ್ಳುತ್ತದೋ ಇಲ್ಲವೋ ಅಂತ ಎದ್ದು ಕೂತ ಮನೆಗಳ ಕತೆ ಕೇಳಿದ್ದೇನೆ. ನಮ್ಮದಿನ್ನೂ ಎರಡು ವರ್ಷ ದೂರ.

ಆಗಸ್ಟ್ ಬಂತು. ಮಗಳು ಒಂಬತ್ತನೇ ತರಗತಿ, ಹೈಸ್ಕೂಲಿನ ಹೊಸಬರ ತಂಡಕ್ಕೆ ಆಯ್ಕೆಯಾದಳು. ಕ್ಲಬ್ಬಿನಲ್ಲಿ ಊರು ತುಂಬ ಚದುರಿದ ಹುಡುಗಿಯರನ್ನು ಶಾಲೆ ಮತ್ತೆ ಒಂದೇ ಅಂಗಿಯೊಳಗೆ ತುಂಬುತ್ತದೆ. ಏಪ್ರಿಲ್‌ನಲ್ಲಿ ಮುಖ ತಿರುಗಿಸಿಕೊಂಡ ಅಪ್ಪ ಅಮ್ಮಂದಿರು ಸೆಪ್ಟೆಂಬರಿನಲ್ಲಿ ಒಂದೇ ಮರದ ಮೆಟ್ಟಿಲ ಮೇಲೆ ಕೂತು ಒಂದೇ ಘೋಷಣೆ ಕೂಗಬೇಕು. ಎರಡನೇ ವಾರ ಮಗಳು ಪ್ರಾಕ್ಟೀಸ್ ಮುಗಿಸಿ ಇಬ್ಬರನ್ನು ಮನೆಗೆ ಕರೆತಂದಳು. ಒಬ್ಬಳು ಉದ್ದಕ್ಕೆ, ಮುಂಗೈಯಲ್ಲಿ ಮೂರು ಬಣ್ಣದ ರಬ್ಬರ್ ಬ್ಯಾಂಡು. ಬಾಗಿಲಲ್ಲೇ ಗುರುತು ಸಿಕ್ಕಿತು. ಇನ್ನೊಂದು ಕ್ಲಬ್ಬಿನವಳು, ನಮ್ಮದೇ ಹೈಸ್ಕೂಲಿಗೆ ಸೇರಿದ್ದಾಳೆ.

ದೋಸೆ ಹಾಕುತ್ತಾ ಹಾಕುತ್ತಾ ಹೇಗೆ ಹೇಳುವುದು ಅಂತ ಯೋಚಿಸಿದೆ. ಮೂರನೇ ದೋಸೆ ತಟ್ಟೆಗೆ ಹಾಕುವಾಗ ಹೇಳಿಯೇಬಿಟ್ಟೆ. ಫೆಬ್ರವರಿ, ಆ ಭವನ, 23–23, ಹಿಂದಿನ ಗೆರೆ. ಕೂಗಿದವಳು ನಾನೇ, ತಪ್ಪಾಯಿತು ಅಂದೆ. ಮಗಳು ತಲೆ ತಗ್ಗಿಸಿ ಚಟ್ನಿಯಲ್ಲಿ ಬೆರಳು ಆಡಿಸತೊಡಗಿದಳು. ಆ ಹುಡುಗಿ ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದಳು. ನನಗೋಸ್ಕರ ನಿಜವಾಗಿಯೂ ಪ್ರಯತ್ನ ಮಾಡಿದಳು ಅನ್ನಿಸಿತು.

"ಸಾರಿ, ನೆನಪಿಲ್ಲ ಆಂಟಿ," ಅಂದಳು. "ಪ್ರತಿ ವಾರ ಯಾರಾದ್ರೂ ಕೂಗ್ತಾನೇ ಇರ್ತಾರೆ."

ಆಮೇಲೆ ಚಟ್ನಿಪುಡಿಯ ಡಬ್ಬಿ ಕಡೆ ಕೈ ತೋರಿಸಿ, ಅದು ಖಾರವಾ ಅಂತ ಕೇಳಿದಳು.